ಬೀರುವಿನ ಒಣಗಿಡ ತೆರೆಯ ಮೇಲೆ: ಕಾಲೇಜಿನ ಹರ್ಬೇರಿಯಂ ಡಿಜಿಟಲ್ ಮಾಡುವುದು ಹೇಗೆ?

ಹಳೆಯ ಪದವಿ ಕಾಲೇಜುಗಳ ಸಸ್ಯಶಾಸ್ತ್ರ ವಿಭಾಗದಲ್ಲಿ ಸಾಮಾನ್ಯವಾಗಿ ಒಂದು ಕಬ್ಬಿಣದ ಬೀರು ಇರುತ್ತದೆ. ಬಾಗಿಲು ತೆಗೆದರೆ ನುಸಿಗುಳಿಗೆಯ ವಾಸನೆ. ಒಳಗೆ ದಪ್ಪ ಹಾಳೆಗಳ ಮೇಲೆ ಅಂಟಿಸಿ, ದಾರ ಹಾಕಿ ಹೊಲಿದ ಒಣಗಿಡಗಳು. ಈ ಒಣಗಿಡಗಳ ಸಂಗ್ರಹವೇ ಹರ್ಬೇರಿಯಂ. 2020ರಲ್ಲಿ ಕಾಲೇಜುಗಳು ಮುಚ್ಚಿದಾಗ ಪಾಠವೇನೋ ಮೊಬೈಲಿಗೆ ಬಂತು, ಆದರೆ ಈ ಗಿಡಗಳು ಬೀರುವಿನಲ್ಲೇ ಉಳಿದವು. ತುಂಬೆಯ ಕಾಂಡ ಚೌಕಾಕಾರ ಎಂದು ನಾನು ಬಾಯಲ್ಲಿ ಹೇಳಿದೆ. ತೋರಿಸಲು ಕೈಯಲ್ಲಿ ಏನೂ ಇರಲಿಲ್ಲ. ಆ ಕೊರತೆ ನನ್ನನ್ನು ಬಹಳ ಕಾಡಿತು.

ದೊಡ್ಡ ಸಂಗ್ರಹಗಳು ಈಗಾಗಲೇ ಅಂತರಜಾಲದಲ್ಲಿವೆ. ಭಾರತೀಯ ಸಸ್ಯ ಸರ್ವೇಕ್ಷಣಾಲಯದ ವರ್ಚುವಲ್ ಹರ್ಬೇರಿಯಂ ಇದೆ. ಸಸ್ಯವಿಜ್ಞಾನಿ ಫಾದರ್ ಸೆಸಿಲ್ ಸಲ್ಡಾನ್ಹಾ ಅವರ ಸಂಗ್ರಹದಿಂದ ಬೆಳೆದ ಜೆಸಿಬಿ ಹರ್ಬೇರಿಯಂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದು, ಕರ್ನಾಟಕದ ಸಸ್ಯಗಳ ಮಾಹಿತಿಯನ್ನು ಆನ್‌ಲೈನಿನಲ್ಲಿ ಕೊಡುತ್ತದೆ. ಅವನ್ನು ಧಾರಾಳವಾಗಿ ಬಳಸಿ. ಆದರೆ ನಿಮ್ಮ ತಾಲ್ಲೂಕಿನ ಕೆರೆ ಏರಿಯ ಮೇಲೆ ಯಾವ ತಿಂಗಳಲ್ಲಿ ಯಾವ ಗಿಡ ಹೂಬಿಟ್ಟಿತ್ತು ಎಂಬುದಕ್ಕೆ ನಿಮ್ಮ ಬೀರುವೇ ಸಾಕ್ಷಿ. ಇನ್ನೂರು ಮುನ್ನೂರು ಹಾಳೆಗಳ ಸಂಗ್ರಹವನ್ನು ಚಿಕ್ಕದು ಎಂದು ಬದಿಗಿಡಬೇಡಿ.

ಮೊದಲು ಆರಿಸಿ

ಎಲ್ಲವನ್ನೂ ಒಮ್ಮೆಗೇ ಮಾಡಲು ಹೊರಟ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಪಠ್ಯಕ್ರಮದಲ್ಲಿರುವ ಕುಟುಂಬಗಳ ಪಟ್ಟಿ ಮುಂದಿಟ್ಟುಕೊಂಡು, ಕುಟುಂಬಕ್ಕೆ ಮೂರು ನಾಲ್ಕರಂತೆ ಹಾಳೆ ತೆಗೆಯಿರಿ. ಹೂವೋ ಕಾಯಿಯೋ ಇರುವ ಹಾಳೆಗೆ ಆದ್ಯತೆ ಕೊಡಿ. ಮೊದಲ ದಿನ ಹತ್ತೇ ಹಾಳೆಗಳನ್ನು ಆರಂಭದಿಂದ ಕೊನೆಯವರೆಗೆ ಮುಗಿಸಿ ನೋಡಿ; ಎಲ್ಲಿ ತೊಡಕಾಗುತ್ತದೆ ಎಂಬುದು ಆಗಲೇ ತಿಳಿಯುತ್ತದೆ.

ಕೈಗವಸು ಹಾಕಿಕೊಳ್ಳಿ

ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಹುಳು ಹಿಡಿಯದಿರಲೆಂದು ಹಳೆಯ ಮಾದರಿಗಳಿಗೆ ಮರ್ಕ್ಯುರಿಕ್ ಕ್ಲೋರೈಡ್ ಹಚ್ಚುವ ಪದ್ಧತಿ ನಮ್ಮಲ್ಲಿತ್ತು. ಅದು ಪಾದರಸದ ವಿಷ. ವರ್ಷಗಳು ಕಳೆದರೂ ಹಾಳೆಯಲ್ಲಿ ಉಳಿದಿರುತ್ತದೆ. ಕಿಟಕಿ ತೆರೆದಿರಲಿ, ಕೈಗೆ ಗವಸು ಇರಲಿ, ಮೇಜಿನ ಮೇಲೆ ತಿಂಡಿ ಕಾಫಿ ಬೇಡ. ವಿದ್ಯಾರ್ಥಿಗಳನ್ನು ಕೂರಿಸುವ ಮೊದಲು ಅವರಿಗೂ ಇದನ್ನು ಹೇಳಿ.

ಹುಳು ಕಂಡರೆ ಆ ಹಾಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಮೈನಸ್ 20 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಒಂದು ವಾರ ಇಡಿ. ಹೊರತೆಗೆದ ಕೂಡಲೇ ಚೀಲ ಬಿಚ್ಚಬಾರದು. ತಣ್ಣಗಿನ ಹಾಳೆಯ ಮೇಲೆ ನೀರು ಕಟ್ಟುತ್ತದೆ.

ಸಂಖ್ಯೆ ಕೊಡಿ, ಚಿತ್ರ ತೆಗೆಯಿರಿ

ಪ್ರತಿ ಹಾಳೆಗೂ ಒಂದು ಕ್ರಮಸಂಖ್ಯೆ ಬರೆಯಿರಿ: 0001, 0002, ಹೀಗೆ. ಚಿತ್ರದ ಕಡತಕ್ಕೂ ಅದೇ ಸಂಖ್ಯೆಯೇ ಹೆಸರು. ಕಡತಕ್ಕೆ ಗಿಡದ ಹೆಸರಿಡುವುದು ಬೇಡ, ಗಿಡದ ಹೆಸರು ಮುಂದೆ ಬದಲಾಗಬಹುದು.

ಕಚೇರಿಯ ಸ್ಕ್ಯಾನರಿನ ಮೇಲೆ ಹಾಳೆಯನ್ನು ಬೋರಲು ಹಾಕಲೇಬೇಡಿ. ಒಣಗಿದ ದಳ, ಬೀಜಗಳೆಲ್ಲ ಉದುರಿಹೋಗುತ್ತವೆ. ಇದೇ ಕಾರಣಕ್ಕೆ ಲಂಡನ್ನಿನ ಕ್ಯೂ ಉದ್ಯಾನದವರು ಸ್ಕ್ಯಾನರನ್ನೇ ತಲೆಕೆಳಗಾಗಿ ಇಟ್ಟು, ಹಾಳೆಯನ್ನು ಕೆಳಗಿನಿಂದ ಮೇಲಕ್ಕೆತ್ತುವ ಉಪಾಯ ಮಾಡಿದರು. ನಮಗೆ ಕ್ಯಾಮೆರಾ ಸಾಕು. ಅದನ್ನು ನೇರ ಕೆಳಮುಖವಾಗಿ ನಿಲ್ಲಿಸಲು ಒಂದು ಸ್ಟ್ಯಾಂಡ್ ಬೇಕು. ಹಳೆಯ ಫೋಟೊ ಸ್ಟುಡಿಯೊದವರ ಬಳಿ ಚಿತ್ರ ಹಿಗ್ಗಿಸಿ ಮುದ್ರಿಸುವ ಎನ್‌ಲಾರ್ಜರ್ ಕಂಬ ಸಿಕ್ಕರೆ ಅದರಷ್ಟು ಗಟ್ಟಿಯಾದದ್ದು ಬೇರೆ ಇಲ್ಲ. ಎರಡೂ ಬದಿಯಿಂದ 45 ಡಿಗ್ರಿ ಕೋನದಲ್ಲಿ ಒಂದೇ ಬಗೆಯ ಎಲ್‌ಇಡಿ ದೀಪ ಇಡಿ. ಫ್ಯಾನ್ ನಿಲ್ಲಿಸಿ. ಹಾಳೆಯ ಅಂಚಿನಲ್ಲಿ ಸೆಂಟಿಮೀಟರ್ ಅಳತೆಪಟ್ಟಿ, ಬಣ್ಣದ ಪಟ್ಟಿ ಇಟ್ಟು, ಟೈಮರ್ ಹಾಕಿ ಕ್ಲಿಕ್ ಮಾಡಿ.

ಮೊಬೈಲ್ ಸಾಕೇ ಎಂದು ಕೇಳುವವರು ಈ ಲೆಕ್ಕ ನೋಡಲಿ. ಹಾಳೆಯ ಉದ್ದ ಸುಮಾರು 42 ಸೆಂಟಿಮೀಟರ್, ಅಂದರೆ ಹದಿನಾರೂವರೆ ಇಂಚು. 12 ಮೆಗಾಪಿಕ್ಸೆಲ್ ಚಿತ್ರದ ಉದ್ದ ಸುಮಾರು 4000 ಪಿಕ್ಸೆಲ್. ಇಂಚಿಗೆ ಹೆಚ್ಚೆಂದರೆ 240 ಬಂತು. ದೊಡ್ಡ ಹರ್ಬೇರಿಯಂಗಳು ಇಂಚಿಗೆ 600ರಲ್ಲಿ ಸ್ಕ್ಯಾನ್ ಮಾಡುತ್ತವೆ. 240ರಲ್ಲಿ ಹಾಳೆಯ ಮಾಹಿತಿ ಚೀಟಿ ಓದಬಹುದು, ಎಲೆಯ ಅಂಚು ತಿಳಿಯುತ್ತದೆ; ಎಲೆಯ ಮೇಲಿನ ರೋಮ ತಿಳಿಯುವುದಿಲ್ಲ. ಆದ್ದರಿಂದ ಇಡೀ ಹಾಳೆಯ ಚಿತ್ರದ ಜೊತೆಗೆ ಹೂವು, ಗಿಣ್ಣು, ಎಲೆಯ ಬುಡಗಳನ್ನು ಹತ್ತಿರದಿಂದ ಬೇರೆಯಾಗಿ ತೆಗೆಯಿರಿ. ಕೇಪಳದ ಎರಡು ಎಲೆತೊಟ್ಟುಗಳ ನಡುವಿನ ಕಾವಿನೆಲೆ (ಸ್ಟಿಪ್ಯೂಲ್, ತೊಟ್ಟಿನ ಬುಡದ ಎಲೆಯಂಥ ಸಣ್ಣ ಭಾಗ) ತೆರೆಯ ತುಂಬ ಕಾಣಿಸಿದರೆ, ಕೇಪಳದ ಕುಟುಂಬದ ಗುರುತನ್ನು ವಿದ್ಯಾರ್ಥಿ ಮರೆಯುವುದಿಲ್ಲ.

ಚೀಟಿಯಲ್ಲಿ ಇದ್ದದ್ದು ಇದ್ದ ಹಾಗೆ

ಇಷ್ಟು ಮಾಡಿ ಕೆಲಸ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ನಿಜವಾದ ಕೆಲಸ ಹಾಳೆಯ ಕೆಳಮೂಲೆಯ ಚೀಟಿಯದು. ಎಲ್ಲಿ, ಯಾವಾಗ, ಯಾರು ಕಿತ್ತರು ಎಂಬುದು ತಿಳಿಯದ ಗಿಡ ಬರಿಯ ಒಣ ಎಲೆ. ಚಿತ್ರ ಸ್ವಲ್ಪ ಮಸುಕಾದರೆ ಇನ್ನೊಮ್ಮೆ ತೆಗೆಯಬಹುದು. ಚೀಟಿಯನ್ನು ತಪ್ಪಾಗಿ ಇಳಿಸಿದರೆ ಆ ತಪ್ಪು ಚಿತ್ರದೊಂದಿಗೆ ಊರೂರು ತಿರುಗುತ್ತದೆ.

ಒಂದು ಸ್ಪ್ರೆಡ್‌ಶೀಟ್ ತೆರೆಯಿರಿ. ಚೀಟಿಯಲ್ಲಿ ಹೇಗಿದೆಯೋ ಹಾಗೆಯೇ ಬರೆಯಲು ಒಂದು ಅಂಕಣ, ಇಂದಿನ ರೂಪಕ್ಕೆ ಪಕ್ಕದಲ್ಲೇ ಇನ್ನೊಂದು. ಇವೆರಡನ್ನು ಎಂದೂ ಬೆರೆಸಬಾರದು. ತಂಗಡಿಯ ಹಾಳೆಯಲ್ಲಿ ‘ಕ್ಯಾಸಿಯಾ ಆರಿಕ್ಯುಲೇಟಾ’ ಎಂದಿರುತ್ತದೆ. ಈಗ ಅದು ‘ಸೆನ್ನಾ ಆರಿಕ್ಯುಲೇಟಾ’. ಕರಿಜಾಲಿ ‘ಅಕೇಶಿಯಾ’ ಆಗಿದ್ದದ್ದು ಈಗ ‘ವ್ಯಾಚೆಲಿಯಾ’. ಇಂದಿನ ಹೆಸರನ್ನು ಕ್ಯೂ ಉದ್ಯಾನದ ‘ಪ್ಲಾಂಟ್ಸ್ ಆಫ್ ದಿ ವರ್ಲ್ಡ್ ಆನ್‌ಲೈನ್’ ತಾಣದಲ್ಲಿ ನೋಡಿ ತುಂಬಿ. ಕನ್ನಡದ ಹೆಸರಿಗೂ ಒಂದು ಅಂಕಣ ಇರಲಿ, ಆ ಹೆಸರು ಯಾವ ಸೀಮೆಯದು ಎಂಬುದರ ಸಮೇತ.

ಊರುಗಳದ್ದೂ ಇದೇ ಕಥೆ. 1975ರ ಚೀಟಿಯಲ್ಲಿ ‘ಹಾನಗಲ್, ಧಾರವಾಡ ಜಿಲ್ಲೆ’ ಎಂದಿದ್ದರೆ ಅದು ತಪ್ಪಲ್ಲ. ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ. ‘ಕಾರ್ಕಳ, ಸೌತ್ ಕೆನರಾ’ ಇಂದು ಉಡುಪಿ ಜಿಲ್ಲೆ. ಹಳೆಯದನ್ನು ಅಳಿಸಿ ಹೊಸದನ್ನು ಬರೆದರೆ ಚರಿತ್ರೆಯನ್ನೇ ಅಳಿಸಿದಂತೆ. ಚೀಟಿಯಲ್ಲಿ ಬರಿಯ ‘ಆಗುಂಬೆ’ ಎಂದಿದ್ದರೆ ನಕ್ಷೆಯಲ್ಲಿ ಒಂದು ಚುಕ್ಕಿ ಇಟ್ಟು ಸುಮ್ಮನಾಗಬೇಡಿ. ಸುತ್ತ ಇಷ್ಟು ಕಿಲೋಮೀಟರ್ ಆಚೀಚೆ ಆಗಬಹುದು ಎಂದು ಸೇರಿಸಿ. ಶ್ರೀಗಂಧದ ಮರ, ಹಾಗೆಯೇ ಸೀತಾಳೆಯಂಥ ಆರ್ಕಿಡ್‌ಗಳು ಸಿಕ್ಕ ನಿಖರ ಜಾಗವನ್ನು ಸಾರ್ವಜನಿಕ ಪ್ರತಿಯಲ್ಲಿ ಕೊಡಬೇಡಿ, ತಾಲ್ಲೂಕಿನ ಹೆಸರು ಸಾಕು. ಆ ಹಾಳೆಯ ಚಿತ್ರದಲ್ಲೂ ಚೀಟಿಯ ಆ ಸಾಲನ್ನು ಮುಚ್ಚಿರಬೇಕು.

ದಿನಾಂಕದಲ್ಲಿ ಎಚ್ಚರ ಬೇಕು. 3/4/1981 ಎಂದು ಟೈಪ್ ಮಾಡಿದರೆ ಕೆಲವು ಕಂಪ್ಯೂಟರುಗಳು ಏಪ್ರಿಲ್ 3ನ್ನು ಮಾರ್ಚ್ 4 ಎಂದು ಓದುತ್ತವೆ. ದಿನ, ತಿಂಗಳು, ವರ್ಷಗಳಿಗೆ ಮೂರು ಬೇರೆ ಅಂಕಣ ಮಾಡಿ. ಓದಲಾಗದ ಅಕ್ಷರವನ್ನು ಊಹಿಸಿ ತುಂಬುವುದಕ್ಕಿಂತ ‘ಓದಲಾಗಲಿಲ್ಲ’ ಎಂದು ಬರೆಯುವುದು ಮೇಲು. ಅಂಕಣಗಳ ಹೆಸರಿಗೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ‘ಡಾರ್ವಿನ್ ಕೋರ್’ ಮಾದರಿಯನ್ನು ಅನುಸರಿಸಿದರೆ, ನಾಳೆ ನಿಮ್ಮ ಪಟ್ಟಿ ದೊಡ್ಡ ದತ್ತಾಂಶಗಳ ಜೊತೆ ಸುಲಭವಾಗಿ ಸೇರುತ್ತದೆ.

ಎಲ್ಲಿ ಇಡುವುದು?

ಒಬ್ಬರ ಖಾತೆಯಲ್ಲಿ ಮಾತ್ರ ಇಡಬೇಡಿ. ಅಧ್ಯಾಪಕರಿಗೆ ವರ್ಗವಾಗುತ್ತದೆ, ನಿವೃತ್ತಿಯಾಗುತ್ತದೆ, ಖಾತೆ ಅವರ ಜೊತೆಗೇ ಹೋಗುತ್ತದೆ. ವಿಭಾಗದ ಹೆಸರಿನ ಖಾತೆಯಲ್ಲಿ ಒಂದು, ಹಾರ್ಡ್ ಡಿಸ್ಕ್‌ನಲ್ಲಿ ಒಂದು, ಕಾಲೇಜಿನ ಆವರಣದ ಹೊರಗೆ ಒಂದು ಪ್ರತಿ ಇರಲಿ. ಪ್ರಾಂಶುಪಾಲರ ಒಪ್ಪಿಗೆ ಪಡೆದು ವಿಕಿಮೀಡಿಯಾ ಕಾಮನ್ಸ್‌ಗೆ ಮುಕ್ತ ಪರವಾನಗಿಯಲ್ಲಿ ಏರಿಸಿದರೆ ಬೇರೆ ಕಾಲೇಜಿನ ಮಕ್ಕಳಿಗೂ ದಕ್ಕುತ್ತದೆ.

ಪಾಠಕ್ಕೆ ತನ್ನಿ

ಪ್ರತಿ ಹಾಳೆಗೂ ಎರಡು ರೂಪ ಮಾಡಿ: ಒಂದು ಪೂರ್ಣ ಚಿತ್ರ, ಇನ್ನೊಂದು ಚೀಟಿ ಮುಚ್ಚಿದ್ದು. ಎರಡನೆಯದನ್ನು ಕೊಟ್ಟು ಕೇಳಿ: ಎಲೆಗಳು ಅಭಿಮುಖವೋ ಪರ್ಯಾಯವೋ? ಕಾಂಡಕ್ಕೆ ಅಂಚುಗಳಿವೆಯೇ? ಹೂಗೊಂಚಲು ಯಾವ ಬಗೆ? ಒಂದೊಂದೇ ಮೆಟ್ಟಿಲಲ್ಲಿ ಕುಟುಂಬದವರೆಗೆ ಅವರೇ ತಲುಪಲಿ, ಆಮೇಲೆ ಚೀಟಿ ತೋರಿಸಿ. ಒಣಗಿಡ ಬಣ್ಣವನ್ನೂ ಮರದ ಎತ್ತರವನ್ನೂ ತೋರಿಸಲಾರದು. ಅದಕ್ಕೆ ವಿದ್ಯಾರ್ಥಿಗಳನ್ನು ಹೊರಗೆ ಕಳಿಸಿ. ತಮ್ಮ ಊರಿನ ಹತ್ತಿರದ ಒಂದು ಹಾಳೆಯನ್ನು ಒಬ್ಬೊಬ್ಬರೂ ಆರಿಸಿಕೊಂಡು, ಚೀಟಿಯಲ್ಲಿರುವ ತಿಂಗಳಲ್ಲೇ ಆ ಜಾಗಕ್ಕೆ ಹೋಗಿ ಹುಡುಕಲಿ. ಗಿಡ ಸಿಕ್ಕರೆ ಕೀಳದೆ ಚಿತ್ರ ತೆಗೆದು ಅದೇ ಸಂಖ್ಯೆಯ ಸಾಲಿಗೆ ಸೇರಿಸಲಿ. ಸಿಗದಿದ್ದರೆ, ಹುಡುಕಿದ ದಿನವನ್ನೂ ಅಲ್ಲಿ ಈಗ ಏನಿದೆ ಎಂಬುದನ್ನೂ ಅದೇ ಸಾಲಿನಲ್ಲಿ ಬರೆಯಲಿ.