ಕಲ್ಲಿದ್ದಲು ಬಾಯ್ಲರ್‌ನ ಗಂಧಕದ ಡೈಆಕ್ಸೈಡ್: ಸ್ವಯಂಚಾಲಿತ ನಿಯಂತ್ರಣವನ್ನು ಹೊಂದಿಸುವ ಬಗೆ

ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಕಲ್ಲಿದ್ದಲು ಬಾಯ್ಲರ್ ನಡೆಸುವವರು, ಹೊಗೆಯನ್ನು ಸುಣ್ಣದ ಹಾಲಿನಿಂದ ತೊಳೆಯುವ ಸ್ಕ್ರಬ್ಬರ್ ಹಾಕಿಸಿದ ಮೇಲೆ, ಸುಣ್ಣದ ಪಂಪನ್ನು ಗಂಧಕದ ಡೈಆಕ್ಸೈಡ್ ಅಳೆಯುವ ಚಿಮಣಿಯ ಅನಿಲ ಮಾಪಕಕ್ಕೆ ನೇರವಾಗಿ ಜೋಡಿಸಬಾರದು. ಹಾಕಿದ ಸುಣ್ಣದ ಫಲ ಮಾಪಕದಲ್ಲಿ ಕಾಣಲು ಹಲವು ನಿಮಿಷ ಬೇಕು. ಅಷ್ಟರಲ್ಲಿ ಪಂಪು ಅಗತ್ಯ ಮೀರಿ ಸುರಿದಿರುತ್ತದೆ, ನಳಿಕೆಗಳಲ್ಲಿ ಗಟ್ಟಿ ಪದರ ಕಟ್ಟತೊಡಗುತ್ತದೆ. ಪಂಪನ್ನು ಸ್ಕ್ರಬ್ಬರಿನ ಸುಣ್ಣದ ಹಾಲಿನ ತೊಟ್ಟಿಯ ಪಿಎಚ್ (ದ್ರವ ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬುದರ ಅಳತೆ) ನಡೆಸಬೇಕು; ಆ ಪಿಎಚ್ ಎಷ್ಟಿರಬೇಕೆಂಬುದನ್ನಷ್ಟೇ ಚಿಮಣಿಯ ಮಾಪಕ ನಿರ್ಧರಿಸಬೇಕು.

ಮೊದಲು ಸುಣ್ಣದ ಲೆಕ್ಕ ಹಾಕಿಕೊಳ್ಳಿ. ಗಂಟೆಗೆ 1 ಟನ್ ಕಲ್ಲಿದ್ದಲು ಉರಿದು, ಅದರಲ್ಲಿ ಶೇ 0.5ರಷ್ಟು ಗಂಧಕವಿದ್ದರೆ, ಆ 5 ಕಿಲೋ ಗಂಧಕದಿಂದ ಹೆಚ್ಚೆಂದರೆ 10 ಕಿಲೋ ಡೈಆಕ್ಸೈಡ್ ಹೊರಡುತ್ತದೆ. ಅದನ್ನು ಪೂರ್ತಿ ಹಿಡಿಯಲು ಸುಮಾರು 11.5 ಕಿಲೋ ಅರಳಿಸಿದ ಸುಣ್ಣ ಬೇಕು. ಕಲ್ಲಿದ್ದಲು ಫೀಡರಿನ ವೇಗ ಹೆಚ್ಚಿದೊಡನೆ ಪಂಪು ಇದೇ ಪ್ರಮಾಣದಲ್ಲಿ ಮುಂದಾಗಿಯೇ ಏರುವಂತೆ ಪಿಎಲ್‌ಸಿಯಲ್ಲಿ (ಯಂತ್ರಗಳನ್ನು ನಡೆಸುವ ಕೈಗಾರಿಕಾ ಕಂಪ್ಯೂಟರಿನಲ್ಲಿ) ಬರೆಯಿಸಿ. ಮಳೆಗಾಲದಲ್ಲಿ ತೆರೆದ ಅಂಗಳದ ಕಲ್ಲಿದ್ದಲು ನೆನೆದು ತೂಕದಲ್ಲಿ ನೀರೂ ಸೇರುವುದರಿಂದ ಈ ಲೆಕ್ಕ ತುಸು ಹೆಚ್ಚು ತೋರಿಸುತ್ತದೆ, ಪಿಎಚ್ ಅದನ್ನು ಸರಿಪಡಿಸುತ್ತದೆ.

ಪಿಎಚ್ ಅನ್ನು 5.5ರಿಂದ 6.5ರ ನಡುವೆ ಇಡುವುದು ಒಳ್ಳೆಯದು: ಕೆಳಗಿಳಿದರೆ ಅನಿಲ ಕರಗದು, ಮೇಲೇರಿದರೆ ಪದರ ಕಟ್ಟುತ್ತದೆ. ಹೊಂದಿಸುವಾಗ ಹೊರಗಿನ ನಿಯಂತ್ರಣವನ್ನು, ಅಂದರೆ ಚಿಮಣಿಯ ಮಾಪಕ ನೋಡಿ ಪಿಎಚ್ ಗುರಿಯನ್ನು ಬದಲಿಸುವ ಭಾಗವನ್ನು, ಮ್ಯಾನ್ಯುವಲ್‌ನಲ್ಲಿಟ್ಟು, ಪಿಎಚ್ ನಿಯಂತ್ರಣ ಸ್ಥಿರವಾದ ಮೇಲೆಯೇ ಅದನ್ನು ಸೇರಿಸಿ, ನಿಧಾನವಾಗಿ ಕೆಲಸ ಮಾಡುವಂತೆ ಬಿಡಿ.

ಎಲ್ಲಕ್ಕಿಂತ ಹೆಚ್ಚಿನ ಗಮನ ಬೇಕಾದದ್ದು ತೊಟ್ಟಿಯಲ್ಲಿ ಪಿಎಚ್ ಅಳೆಯುವ ಪ್ರೋಬಿಗೆ. ಅದರ ಗಾಜಿನ ತುದಿಗೆ ಬಿಳಿಯ ಪದರ ಅಂಟಿದರೆ ಸಂಖ್ಯೆ ಅಲುಗಾಡದೆ ನಿಂತುಬಿಡುತ್ತದೆ, ಪರದೆ ನೋಡುವವರಿಗೆ ಎಲ್ಲವೂ ಸರಿಯಿದ್ದಂತೆಯೇ ಕಾಣುತ್ತದೆ. ಎರಡು ಪ್ರೋಬುಗಳನ್ನಿಟ್ಟು, ಅವುಗಳ ನಡುವೆ 0.3ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಅಲಾರಂ ಕೊಡಿಸಿ. ಕೈಗವಸು, ಕನ್ನಡಕ ಹಾಕಿಕೊಂಡು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಪ್ರೋಬನ್ನು ಅದ್ದಿ, ನೀರಿನಲ್ಲಿ ತೊಳೆದು, ಪಿಎಚ್ ಮೊದಲೇ ಗೊತ್ತಿರುವ ಬಫರ್ ದ್ರಾವಣದಲ್ಲಿ ಪರೀಕ್ಷಿಸಿಯೇ ಮರಳಿ ಹಾಕಬೇಕು.

ಚಿಮಣಿಯ ಮಾಪಕ ಪಿಪಿಎಂ (ಹತ್ತು ಲಕ್ಷದಲ್ಲಿ ಎಷ್ಟು ಪಾಲು) ತೋರಿಸಿದರೆ 2.86ರಿಂದ ಗುಣಿಸಿ, 0 ಡಿಗ್ರಿ ಸೆಲ್ಸಿಯಸ್ ಮತ್ತು ಸಮುದ್ರಮಟ್ಟದ ಒತ್ತಡದಲ್ಲಿ ಘನಮೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಸಂಖ್ಯೆ ಪಡೆದು, ಹೆಚ್ಚುವರಿ ಗಾಳಿ ಸೇರಿ ಹೊಗೆ ತೆಳುವಾಗಿರುವುದನ್ನು ಲೆಕ್ಕಕ್ಕೆ ತರುವ ಆಮ್ಲಜನಕದ ತಿದ್ದುಪಡಿಯನ್ನೂ ಮಾಡಿಕೊಳ್ಳಿ. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದ್ದು, ಇಲ್ಲಿಯ ಗಾಳಿಯ ಒತ್ತಡ ಹತ್ತರಲ್ಲೊಂದು ಪಾಲಿನಷ್ಟು ಕಡಿಮೆ. ಮಾಪಕದಲ್ಲಿ ಒತ್ತಡದ ಹೊಂದಾಣಿಕೆ ಚಾಲೂ ಇದೆಯೇ ಎಂದು ಮಾರಾಟಗಾರರನ್ನು ಕೇಳಿಯೇ ತೀರಬೇಕು. ಕ್ಯಾಲಿಬ್ರೇಷನ್ (ಮಾಪಕದ ನಿಖರತೆ ಸರಿಪಡಿಸುವ) ಸಮಯದಲ್ಲಿ ಮಾಪಕದೊಳಗೆ ಶೂನ್ಯ ಅನಿಲ, ಅಂದರೆ ಗಂಧಕದ ಡೈಆಕ್ಸೈಡ್ ಇಲ್ಲದ ಅನಿಲ, ಹರಿಯುವಾಗ, ಹೊಗೆ ಶುದ್ಧವಾಗಿದೆಯೆಂದು ತಿಳಿದು ನಿಯಂತ್ರಕ ಸುಣ್ಣ ಇಳಿಸದಂತೆ, ಹಿಂದಿನ ಸಂಖ್ಯೆಯನ್ನೇ ಹಿಡಿದಿಡುವ ವ್ಯವಸ್ಥೆ ಇರಲಿ. ಸುಣ್ಣದ ಪಂಪು ನಿಂತರೆ ಕಲ್ಲಿದ್ದಲು ಫೀಡರು ತಾನಾಗಿಯೇ ಇಳಿಯಲಿ.