ಹೆಂಪ್ ಬೀಜ: ಚಮಚ ಹಿಡಿದು ಲೆಕ್ಕ ಹಾಕಿದಾಗ

ಹೆಂಪ್ ಅಂದರೆ ಗಾಂಜಾ ಜಾತಿಯದೇ ಗಿಡ. ಅದರ ಬೀಜ ಹೃದಯಕ್ಕೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಎಷ್ಟು ತಿಂದರೆ ಅಂತ ಕೇಳಿದರೆ ಸುಮ್ಮನಾಗುತ್ತಾರೆ. ಅದಕ್ಕೇ ಸಂಶೋಧನೆಗಳನ್ನೇ ತೆಗೆದು ಓದಲು ಕೂತೆ.

2006ರ ಫಿನ್ಲೆಂಡಿನ ಅಧ್ಯಯನದಲ್ಲಿ ಇದ್ದದ್ದು 14 ಜನ. ನಾಲ್ಕು ವಾರ ದಿನಕ್ಕೆ 30 ಮಿಲಿ ಹೆಂಪ್ ಎಣ್ಣೆ, ಇನ್ನು ನಾಲ್ಕು ವಾರ ಅಷ್ಟೇ ಅಗಸೆ ಎಣ್ಣೆ. ಒಟ್ಟು ಕೊಲೆಸ್ಟ್ರಾಲ್ ಮತ್ತು ಒಳ್ಳೆಯ ಕೊಲೆಸ್ಟ್ರಾಲ್ ನಡುವಿನ ಅನುಪಾತ ಹೆಂಪ್ ಎಣ್ಣೆಯಲ್ಲಿ ಸ್ವಲ್ಪ ಉತ್ತಮವಾಗಿತ್ತು. ಖುಷಿಯಾಯಿತು. ಆಮೇಲೆ 2008ರ ಕೆನಡಾದ್ದು ಸಿಕ್ಕಿತು. ಅಲ್ಲಿ 86 ಜನ, 12 ವಾರ. ಹೆಂಪ್ ಎಣ್ಣೆ ತೆಗೆದುಕೊಂಡವರ ಕೊಲೆಸ್ಟ್ರಾಲ್‌ನಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯೇ ಇಲ್ಲ!

ಎರಡನ್ನೂ ಮತ್ತೆ ಓದಿದ ಮೇಲೆ ಕಂಡದ್ದು ಪ್ರಮಾಣ. ಕೆನಡಾದವರು ಕೊಟ್ಟದ್ದು ದಿನಕ್ಕೆ ಬರೀ 2 ಗ್ರಾಂ, ಅಂದರೆ ಅರ್ಧ ಟೀ ಚಮಚ. ಫಿನ್ಲೆಂಡಿನದು ಎರಡು ದೊಡ್ಡ ಚಮಚ. ಹತ್ತು ಪಟ್ಟಿಗೂ ಜಾಸ್ತಿ.

ಹಾಗಾದರೆ ಅಷ್ಟು ಎಣ್ಣೆ ಬೀಜದಿಂದಲೇ ಸಿಗಬೇಕಾದರೆ? ಸಿಪ್ಪೆ ತೆಗೆದ ಬೀಜದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕೊಬ್ಬು. ಲೆಕ್ಕ ಹಾಕಿದರೆ 57 ಗ್ರಾಂ ಬೇಕು. ತಕ್ಕಡಿಯಲ್ಲಿ ತೂಗಿ ನೋಡಿದೆ, ಆರು ದೊಡ್ಡ ಚಮಚಕ್ಕೆ ಬಟ್ಟಲು ತುಂಬಿತು. ಅಷ್ಟರಲ್ಲೇ 300ಕ್ಕೂ ಹೆಚ್ಚು ಕ್ಯಾಲೊರಿ. ಮೊಸರಿನ ಜೊತೆ ಎರಡು ದಿನ ತಿಂದೆ, ಮೂರನೇ ದಿನ ಕೈಬಿಟ್ಟೆ. ಜಿಡ್ಡಿಗೆ ಬಾಯಿ ಕಟ್ಟುತ್ತದೆ ಕಣ್ರೀ.

ಈಗ ನಾನು ಹಾಕಿಕೊಳ್ಳುವುದು ಮೂರು ದೊಡ್ಡ ಚಮಚ, 30 ಗ್ರಾಂ. ಅದೂ ಹೃದಯಕ್ಕಲ್ಲ, ಪ್ರೋಟೀನ್‌ಗೆ. ಅಷ್ಟರಲ್ಲಿ ಒಂಬತ್ತು ಗ್ರಾಂಗಿಂತ ಜಾಸ್ತಿ ಪ್ರೋಟೀನ್, ಸುಮಾರು 200 ಮಿಲಿಗ್ರಾಂ ಮೆಗ್ನೀಸಿಯಂ ಸಿಗುತ್ತದೆ. ಲೈಸಿನ್ ಎಂಬ ಅಮೈನೋ ಆಮ್ಲ ಮಾತ್ರ ಕಮ್ಮಿ, ಆದ್ದರಿಂದ ಬೇಳೆಕಾಳು ಬಿಟ್ಟು ಇದನ್ನೇ ನೆಚ್ಚಿಕೊಳ್ಳುವುದಿಲ್ಲ. ಸಿಪ್ಪೆ ಇರುವ ಬೀಜವನ್ನೂ ಒಮ್ಮೆ ತಿಂದೆ. ನಾರಿನಂಶ ಅದರಲ್ಲೇ ಹೆಚ್ಚು, ನಿಜ. ಆದರೆ ಹಲ್ಲಿನ ಸಂದಿನಲ್ಲಿ ಸಿಕ್ಕಿಕೊಂಡದ್ದನ್ನು ತೆಗೆಯುವಷ್ಟರಲ್ಲಿ ಸಾಕಾಯಿತು.

ಒಂದು ತಪ್ಪು ಮಾಡಿದ್ದೆ. ಡಬ್ಬಿಯನ್ನು ಒಲೆಯ ಪಕ್ಕ ಇಟ್ಟಿದ್ದೆ. ಕೆಲವು ವಾರ ಕಳೆದು ಮುಚ್ಚಳ ತೆಗೆದರೆ ಹಳೇ ಪೇಂಟಿನ ವಾಸನೆ, ನಾಲಿಗೆಗೆ ಕಹಿ. ಈ ಬೀಜದ ಕೊಬ್ಬಿಗೆ ಗಾಳಿ, ಬಿಸಿ ಎರಡೂ ಆಗುವುದಿಲ್ಲ, ಬೇಗ ಕಮಟುತ್ತದೆ. ಪೂರ್ತಿ ಡಬ್ಬಿ ಎಸೆದೆ. ಈಗ ಚಿಕ್ಕ ಪೊಟ್ಟಣ ತರುತ್ತೇನೆ, ಫ್ರಿಜ್ಜಿನಲ್ಲಿ ಇಡುತ್ತೇನೆ, ಹುರಿಯುವುದಿಲ್ಲ.

"ತಿಂದರೆ ಅಮಲು ಬರುತ್ತಾ?" ಅಂತ ಮನೆಗೆ ಬಂದವರೆಲ್ಲ ಕೇಳುತ್ತಾರೆ. ಗಾಂಜಾದ್ದೇ ಜಾತಿಯ ಗಿಡ ಅಲ್ವಾ! ಅಮಲು ಬರಿಸುವ ಟಿಎಚ್‌ಸಿ ಎಂಬ ರಾಸಾಯನಿಕ ಇರುವುದು ಹೂವು, ಎಲೆಯ ಅಂಟಿನಲ್ಲಿ. ಬೀಜದ ಮೇಲೆ ಅದು ಸೋಕಿದರೆ ಚೂರು ಅಂಟಿರಬಹುದು, ಅದಕ್ಕೇ ಚೆನ್ನಾಗಿ ಶುಚಿ ಮಾಡಿದ ಬೀಜ ಬೇಕು. ಇಷ್ಟು ಹೇಳಿ ಒಂದು ಚಮಚ ಕೈಗೆ ಹಾಕುತ್ತೇನೆ. ಅರ್ಧಕ್ಕರ್ಧ ಜನ ತಿನ್ನುತ್ತಾರೆ.