ಶನಿವಾರದ ಎಣ್ಣೆ ಬಿಡಿಸಿದ ಭಾನುವಾರದ ತಟ್ಟೆ ಇಡ್ಲಿ

"ನೀನು ಕುಡಿಯೋದು ಬಿಡ್ತೀಯಾ? ಸುಮ್ನಿರೋ ಮಗಾ" ಎಂದು ನಕ್ಕವರು ನಾಲ್ಕು ಜನ. ಅವರಲ್ಲಿ ಮೂವರು ಈಗ ಭಾನುವಾರ ಬೆಳಿಗ್ಗೆ ಆರಕ್ಕೆ ಗೇಟಿನ ಹತ್ತಿರ ನನ್ನ ಕಾರಿಗೆ ಕಾಯುತ್ತಾರೆ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂತು.

ನಾನು ದಿನಾ ಕುಡಿಯುತ್ತಿದ್ದವನಲ್ಲ. ಶನಿವಾರ ಮಾತ್ರ, ಕಾಲೇಜಿನ ಗ್ಯಾಂಗ್ ಜೊತೆ. ಕೂತರೆ ಏಳುತ್ತಿದ್ದವನೂ ಅಲ್ಲ. ವಯಸ್ಸು 39, ಕುಡಿತ 21ರ ಹುಡುಗನದು. (ದಿನಾ ಬೇಕೇ ಬೇಕು, ಬೆಳಿಗ್ಗೆ ಕೈ ನಡುಗುತ್ತೆ ಅನ್ನುವವರು ನನ್ನ ದಾರಿ ಹಿಡಿಯಬೇಡಿ. ಏಕಾಏಕಿ ಬಿಟ್ಟರೆ ಫಿಟ್ಸ್ ಬರಬಹುದು. ಮೊದಲು ಡಾಕ್ಟರ್ ಹತ್ತಿರ ಹೋಗಿ, ನಿಮ್ಹಾನ್ಸ್‌ನಲ್ಲಿ ಇದಕ್ಕೇ ವಿಭಾಗ ಇದೆ.)

ಸೋತ ಕಥೆಗಳೇ ಜಾಸ್ತಿ. ಅಯ್ಯಪ್ಪನ ಮಾಲೆ ಹಾಕಿ 48 ದಿನ ಮುಟ್ಟಲಿಲ್ಲ. ಮಾಲೆ ತೆಗೆದ ಮೇಲೆ ಬಂದ ಮೊದಲ ಶನಿವಾರವೇ ಬಾಕಿ ತೀರಿಸಿದೆ. 2020ರ ಲಾಕ್‌ಡೌನ್‌ನಲ್ಲಿ ನಲವತ್ತು ದಿನ ಅಂಗಡಿ ಬಂದ್, ಅಭ್ಯಾಸ ತಪ್ಪಿತು ಅಂದುಕೊಂಡೆ. ಮೇ 4ಕ್ಕೆ ಬಾಗಿಲು ತೆರೆದಾಗ ಕ್ಯೂನಲ್ಲಿ ನಾನೂ ಇದ್ದೆ, ಮುಖಕ್ಕೆ ಮಾಸ್ಕ್, ಕೈಯಲ್ಲಿ ಚೀಲ.

ಆಮೇಲೆ "ಬಿಯರ್ ಮಾತ್ರ" ಅಂತ ಒಂದು ವರ್ಷ. ಕ್ವಾರ್ಟರ್ (ವಿಸ್ಕಿ, ರಮ್ಮಿನ 180 ಎಂಎಲ್ ಬಾಟಲಿ) ಬಿಟ್ಟೆ ಎಂದು ಬೀಗುತ್ತಾ ಮೂರು ಸ್ಟ್ರಾಂಗ್ ಬಿಯರ್ ಇಳಿಸುತ್ತಿದ್ದೆ. ಒಂದಿನ ಲೇಬಲ್ ನೋಡಿ ಲೆಕ್ಕ ಹಾಕಿದೆ. ಶೇಕಡ 8ರ 650 ಎಂಎಲ್ ಬಾಟಲಿಯಲ್ಲಿ 40 ಗ್ರಾಂ ಆಲ್ಕೋಹಾಲ್, ಒಂದು ಕ್ವಾರ್ಟರ್‌ನಲ್ಲಿ 60. ಮೂರು ಬಿಯರ್ ಅಂದರೆ ಎರಡು ಕ್ವಾರ್ಟರ್!

ಪೆಗ್ ಎಣಿಸಲು ಸಿಪ್ಪೆ ಸಮೇತ ಕಡ್ಲೆಕಾಯಿ ಇಟ್ಟುಕೊಂಡಿದ್ದೂ ಉಂಟು. ಪೆಗ್ಗಿಗೊಂದು ಎಡ ಜೇಬಿನಿಂದ ಬಲ ಜೇಬಿಗೆ. ನಾಲ್ಕನೇ ಪೆಗ್ ಆದಮೇಲೆ ಕಡ್ಲೆಕಾಯಿ ಬಿಡಿಸಿ ತಿಂದುಬಿಟ್ಟೆ, ಲೆಕ್ಕ ಮುಗೀತು. ಆಲ್ಕೋಹಾಲ್ ಇಲ್ಲದ ಬಿಯರ್ ಇನ್ನೂ ಮೋಸ. ರುಚಿ ನಾಲಿಗೆಗೆ ಹತ್ತಿ ಅರ್ಧ ಗಂಟೆಯಲ್ಲಿ ಅಸಲಿಯದ್ದಕ್ಕೇ ಆರ್ಡರ್ ಹೋಯಿತು.

ದುಡ್ಡು? ನನ್ನ ಪಾಲಿನ ಬಿಲ್ಲು 1,500, ಕಬಾಬ್ ಜಾಸ್ತಿಯಾದರೆ 1,800. ಆಟೋ, ಭಾನುವಾರ ಏಳಲಾಗದೆ ಹೊರಗಿನಿಂದ ತರಿಸಿದ ಊಟ ಎಲ್ಲಾ ಸೇರಿ ತಿಂಗಳಿಗೆ ಹತ್ತಿರ ಹತ್ತಿರ 8,000. ವರ್ಷಕ್ಕೆ ಒಂದು ಲಕ್ಷಕ್ಕೆ ಸ್ವಲ್ಪ ಕಮ್ಮಿ. ಹೆಂಡತಿಗೆ ಈ ಲೆಕ್ಕ ಇವತ್ತಿಗೂ ಪೂರ್ತಿ ಹೇಳಿಲ್ಲ.

ಕೊನೆಗೆ ಶನಿವಾರವನ್ನು ಸರಿ ಮಾಡುವ ತಂಟೆಗೇ ಹೋಗಲಿಲ್ಲ. ಭಾನುವಾರ ಬೆಳಿಗ್ಗೆ ಆರಕ್ಕೆ ತುಮಕೂರು ಹತ್ತಿರದ ದೇವರಾಯನದುರ್ಗ ಬೆಟ್ಟ, ಡ್ರೈವರ್ ನಾನೇ ಎಂದು ಗ್ಯಾಂಗಿಗೆ ಹೇಳಿದೆ. ಐದು ವಾರ ಯಾರೂ ಬರಲಿಲ್ಲ, ಒಬ್ಬನೇ ಹತ್ತಿ ಇಳಿದೆ. ವಾಪಸ್ ಬರುತ್ತಾ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಮೇಲೆ ಬೆಣ್ಣೆ ಕರಗಿ ಅಂಚಿಗೆ ಇಳಿಯುವ ಹೊತ್ತಿಗೆ ಸರಿಯಾಗಿ ಫೋಟೋ ತೆಗೆದು ಎಲ್ಲರಿಗೂ ಕಳಿಸುತ್ತಿದ್ದೆ. ತಲೆನೋವಿನಲ್ಲಿ ಮಲಗಿದವನಿಗೆ ಆ ಫೋಟೋ ನೋಡುವುದು ಶಿಕ್ಷೆ, ನನಗೆ ಗೊತ್ತಲ್ವಾ. ಆರನೇ ವಾರ ಗ್ಯಾಂಗಿನ ಗೌಡ ಬಂದ.

ಬಾರಿಗೆ ಹೋಗುವುದನ್ನು ಬಿಟ್ಟಿಲ್ಲ. ಮನೆಯಲ್ಲಿ ಮುದ್ದೆ ನುಂಗಿ, ಏಳೂವರೆ ಬದಲು ಒಂಬತ್ತಕ್ಕೆ ಹೋಗುತ್ತೇನೆ. ಹೊಟ್ಟೆ ತುಂಬಿದ್ದರೆ ಅರ್ಧ ಆಸೆ ಸತ್ತಿರುತ್ತದೆ. ಕೂರುವ ಮೊದಲೇ ಲೈಮ್ ಸೋಡಾ ಕೈಗೆ. ಗಂಡಾಂತರ ಇರುವುದು ಮೊದಲ ಅರ್ಧ ಗಂಟೆಯಲ್ಲಿ. ಆಗ ಒತ್ತಾಯ ಮಾಡುವವರಿಗೆ ನಾನು ಹೇಳುವ ಒಂದು ಮಾತಿದೆ, ಇದುವರೆಗೂ ತಪ್ಪಿಲ್ಲ. ಅದನ್ನು ಇಲ್ಲಿ ಬಿಟ್ಟುಕೊಡಲ್ಲ, ಗ್ಯಾಂಗಿನವರೂ ಓದುತ್ತಾರೆ.

ಹದಿನಾಲ್ಕು ತಿಂಗಳಾಯಿತು. ಎರಡು ಸಲ ಜಾರಿದೆ. ಒಂದು ಗೃಹಪ್ರವೇಶ, ಇನ್ನೊಂದಕ್ಕೆ ನೆಪವೂ ಇರಲಿಲ್ಲ. ಎರಡು ಸಲವೂ ಮಾರನೇ ದಿನ ಕಾರಿನ ಕೀ ಗೌಡನಿಗೆ ಕೊಟ್ಟು ಹಿಂದಿನ ಸೀಟಲ್ಲಿ ಕೂತೆ. ದುರ್ಗದ ತಿರುವುಗಳಲ್ಲಿ ಹೊಟ್ಟೆ ತೊಳೆಸಿತು, ಇಡ್ಲಿ ಮುಟ್ಟಲಾಗಲಿಲ್ಲ. ಫೋಟೋ ಅವನು ತೆಗೆದ.